ಕೀಲಿ ತಾರಾಬಾಯಿಯವರ ಮನೆಯಲ್ಲಿ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರುವ ಟ್ರ್ಯಾಕ್ಟರು, ಜಗಳ, ನಡುರಸ್ತೆಯಲ್ಲಿ ನಿಂತ ಬಸ್ಸು ಎಲ್ಲಕ್ಕೂ ಐನಾಪುರದ ಮಂದಿ ನನ್ನ ಸಿಟ್ಟೇ ಕಾರಣ ಎನ್ನುತ್ತಾರೆ. ಕಪಾಟುಗಳೇ ಕಾರಣ ಎಂದು ನಾನು ಇಂದಿಗೂ ವಾದಿಸುತ್ತೇನೆ.

ನಾನು ನಿಪ್ಪಾಣಿಯವಳು, ಹೆಸರು ಸುಗಂಧಾ ಚೌಗಲೆ. ೧೯೮೮ರಲ್ಲಿ ಧಾರವಾಡದಲ್ಲಿ ಗ್ರಂಥಾಲಯದ ಡಿಗ್ರಿ ಮುಗಿಸಿ ಐನಾಪುರದ ಕೃಷ್ಣಾತೀರ ಕಲಾ ಕಾಲೇಜಿಗೆ ಗ್ರಂಥಪಾಲಕಿಯಾಗಿ ಬಂದೆ. ಕೆಲಸಕ್ಕೆ ಹಾಜರಾದ ದಿನ ಪ್ರಿನ್ಸಿಪಾಲರು ನನ್ನನ್ನು ಒಂದು ಉದ್ದನೆಯ ಕೋಣೆಗೆ ಕರೆದುಕೊಂಡು ಹೋಗಿ, "ನೋಡ್ರಿ, ಇದ ನಮ್ಮ ಲೈಬ್ರರಿ" ಎಂದರು. ಗೋಡೆಗುಂಟ ಒಂಬತ್ತು ಕಪಾಟುಗಳು ನಿಂತಿದ್ದವು. ಒಂಬತ್ತಕ್ಕೂ ಕೀಲಿ ಹಾಕಿತ್ತು.

"ಕೀಲಿ ಎಲ್ಲಿ ಸರ್?" ಎಂದು ಕೇಳಿದೆ.

"ಅವರವರ ಮನ್ಯಾಗ," ಎಂದರು ಪ್ರಿನ್ಸಿಪಾಲರು, ಇದೇನು ಕೇಳುವ ಮಾತೇ ಎಂಬಂತೆ.

ನಮ್ಮ ಕಡೆ ಹೆಸರು ಬರೆಯದ ದಾನ ದಾನವೇ ಅಲ್ಲ. ಲಗ್ನದಲ್ಲಿ ಕೊಟ್ಟ ಸ್ಟೀಲಿನ ತಂಬಿಗೆಯ ಮೇಲೆ ಕೊಟ್ಟವರ ಹೆಸರನ್ನೂ ಇಸವಿಯನ್ನೂ ಕೊರೆಸಿರುತ್ತಾರೆ. ಬಸದಿಯ ಫ್ಯಾನಿನ ಮೂರೂ ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ಹೆಸರು ಇರುತ್ತದೆ. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲವಲ್ಲ, ಅದಕ್ಕೇ ಕೊಟ್ಟವರು ದರ್ಶನಕ್ಕೆ ಬಂದಾಗ ಯಾರಾದರೂ ಮೆಲ್ಲಗೆ ಎದ್ದು ಹೋಗಿ ಸ್ವಿಚ್ ಆರಿಸುತ್ತಾರೆ. ಈ ಕಾಲೇಜಿನ ಕಪಾಟುಗಳೂ ಅದೇ ಜಾತಿಯವು. ಊರಿನ ಒಂಬತ್ತು ಮನೆಗಳವರು ತೀರಿಕೊಂಡ ಹಿರಿಯರ ನೆನಪಿಗೆ ಒಂದೊಂದು ಕಪಾಟನ್ನೂ ಅದರ ತುಂಬ ಪುಸ್ತಕಗಳನ್ನೂ ಕೊಟ್ಟಿದ್ದರು. ಬಾಗಿಲ ಮೇಲೆ ಹಿರಿಯರ ಹೆಸರು. ಒಳಗೆ ಆ ಹಿರಿಯರಿಗೆ ಇಷ್ಟವಾದ ಪುಸ್ತಕಗಳು. ಒಂದೇ ಕಪಾಟಿನಲ್ಲಿ ಅರ್ಥಶಾಸ್ತ್ರ, ಎತ್ತಿನ ರೋಗಗಳು ಮತ್ತು ಜಾತಕ ನೋಡುವ ವಿಧಾನ ಒಂದಕ್ಕೊಂದು ಆತು ಕೂತಿದ್ದವು. "ಕಪಾಟ ಕೊಟ್ಟೇವಿ, ಖರೆ. ಕೀಲಿ ಕೊಟ್ಟೇವಂತ ಎಲ್ಲಿ ಹೇಳೇವ್ರಿ?" ಎಂಬುದು ಒಂಬತ್ತೂ ಮನೆಯವರ ವಾದ.

ಹೀಗಾಗಿ ಒಬ್ಬ ಹುಡುಗನಿಗೆ ಪುಸ್ತಕ ಬೇಕಾದರೆ ಆತ ಮೊದಲು ಆ ಮನೆಗೆ ಹೋಗಬೇಕು. ಅಲ್ಲಿ ಯಾರ ಮಗ, ಯಾವ ಊರು, ಅಕ್ಕನ ಲಗ್ನ ಆಯಿತೇ ಇಲ್ಲವೇ ಎಂಬುದಕ್ಕೆಲ್ಲ ಉತ್ತರ ಕೊಡಬೇಕು. ಅವಲಕ್ಕಿ ತಿನ್ನಬೇಕು, ಚಹಾ ಕುಡಿಯಬೇಕು. ಆಮೇಲೆ ಕೀಲಿ ಸಿಗುತ್ತದೆ. ಅದನ್ನು ಹಿಡಿದುಕೊಂಡು ಬರುವಷ್ಟರಲ್ಲಿ ಕಾಲೇಜು ಬಿಟ್ಟಿರುತ್ತದೆ. ಬಿ.ಎ. ಎರಡನೇ ವರ್ಷದ ಧರಣೇಂದ್ರ ಎಂಬ ಹುಡುಗ ಹೀಗೆ ಒಂದು ಇಡೀ ಟರ್ಮು ಒಂದೂ ಪುಸ್ತಕ ನೋಡದೆ ಮೈತುಂಬಿಕೊಂಡಿದ್ದ. ಲೈಬ್ರರಿ ಅಂದರೆ ಇದೇ ಎಂದು ಅವನು ನಂಬಿದ್ದ.

ಪುಸ್ತಕ ಕಾಯುವುದಕ್ಕಿಂತ ಪುಸ್ತಕ ಹುಡುಕುವುದನ್ನು ಕಲಿಸುವುದೇ ದೊಡ್ಡ ಕೆಲಸ ಎಂದು ಧಾರವಾಡದಲ್ಲಿ ನನಗೆ ಹೇಳಿಕೊಟ್ಟಿದ್ದರು. ನಾನು ಒಂಬತ್ತೂ ಮನೆಗಳಲ್ಲಿ ಅವಲಕ್ಕಿ ತಿಂದು, ಕೀಲಿ ತಂದು, ಪ್ರತಿ ಪುಸ್ತಕಕ್ಕೂ ಕೈಯಿಂದ ಒಂದೊಂದು ಕಾರ್ಡು ಬರೆದೆ. ವಿಷಯ, ಬರೆದವರು, ಯಾರ ಕಪಾಟು, ಎಷ್ಟನೆಯ ಸಾಲು. ಕಾರ್ಡುಗಳನ್ನು ವಿಷಯದ ಪ್ರಕಾರ ಡ್ರಾವರುಗಳಲ್ಲಿ ಜೋಡಿಸಿದೆ. ಶನಿವಾರ ಮುಂಜಾನೆ ಹುಡುಗರನ್ನು ಸೇರಿಸಿ, "ನಿಮಗೆ ಬೇಕಾದ ವಿಷಯದ ಕಾರ್ಡು ಹುಡುಕಿರಿ" ಎಂದು ಹೇಳಿ ಖುಷಿಯಿಂದ ಕುಳಿತೆ.

ಸ್ವಲ್ಪ ಹೊತ್ತಿಗೆ ನನ್ನ ಟೇಬಲಿನ ಮುಂದೆ ಸಾಲು ಹಚ್ಚಿದರು. ಪ್ರತಿಯೊಬ್ಬನ ಕೈಯಲ್ಲೂ ಒಂದು ಕಾರ್ಡು.

"ಮೇಡಂರೀ, ಚೀಟಿ ತಂದೀವ್ರಿ. ಬುಕ್ಕ ಕೊಡ್ರಿ."

ರೇಷನ್ ಅಂಗಡಿಯಲ್ಲಿ ಚೀಟಿ ಕೊಟ್ಟು ಸೀಮೆಎಣ್ಣೆ ಇಸಿದುಕೊಂಡು ಬೆಳೆದವರು ಇನ್ನೇನು ತಾನೇ ತಿಳಿಯಬೇಕು? ಡ್ರಾವರು ಅರ್ಧ ಖಾಲಿಯಾಗಿತ್ತು. ಧರಣೇಂದ್ರನಂತೂ ಕಾರ್ಡನ್ನು ಕಿಸೆಯಲ್ಲಿಟ್ಟುಕೊಂಡು ನೆಟ್ಟಗೆ ತಾರಾಬಾಯಿಯವರ ಮನೆಗೆ ಹೋಗಿ ತೋರಿಸಿದ. ತಾರಾಬಾಯಿ ಊರಿನ ದೊಡ್ಡ ಮನೆಯ ಯಜಮಾನ್ತಿ, ಕೈಯಲ್ಲಿ ಕೀಲಿ ಗೊಂಚಲಿಲ್ಲದೆ ಅವರನ್ನು ಯಾರೂ ನೋಡಿಲ್ಲ. ಕಾರ್ಡಿನ ಮೇಲೆ ತಮ್ಮ ಮಾವನವರ ಹೆಸರು ದುಂಡಾಗಿ ಬರೆದದ್ದನ್ನು ನೋಡಿ ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಅದನ್ನು ಒಯ್ದು ದೇವರ ಮನೆಯಲ್ಲಿಟ್ಟು ಗಂಧ ಹಚ್ಚಿದರು. ವಾಪಸು ಕೇಳಲು ನನಗೆ ಧೈರ್ಯವಾಗಲಿಲ್ಲ. ಬೇರೆ ಕಾರ್ಡು ಬರೆದು, ಕಮ್ಮಾರನನ್ನು ಕರೆಸಿ, ಕಾರ್ಡುಗಳು ಹೊರಗೆ ಬಾರದಂತೆ ಡ್ರಾವರುಗಳ ಉದ್ದಕ್ಕೂ ಕಬ್ಬಿಣದ ಸಳಿ ಪೋಣಿಸಿಬಿಟ್ಟೆ.

ಮುಂದಿನ ಪಾಠ ಪುಸ್ತಕದ ಕೊನೆಯಲ್ಲಿರುವ ಶಬ್ದಸೂಚಿ. "ಎಲ್ಲ ಓದಬೇಕಾಗಿಲ್ಲ. ಹಿಂದಿನಿಂದ ಶುರು ಮಾಡಿರಿ, ಬೇಕಾದ ಪುಟಕ್ಕೆ ಹೋಗಿರಿ" ಎಂದೆ. ಧರಣೇಂದ್ರನ ಮುಖ ಬಿಳುಚಿಕೊಂಡಿತು.

"ಹಿಂದಿನಿಂದ ಶುರು ಮಾಡಿದ್ರ ನಡೀತೈತೇನ್ರಿ?"

ಅವನ ಮನೆಯಲ್ಲಿ ಶಾಸ್ತ್ರ ತೆರೆಯಬೇಕಾದರೆ ಕೈಕಾಲು ತೊಳೆದು, ನಮಸ್ಕಾರ ಮಾಡಿ, ಮೊದಲ ಪುಟದಿಂದಲೇ ಶುರು ಮಾಡಿ, ಕೊನೆಯವರೆಗೆ ಓದಿ ಮುಚ್ಚುವುದು ಪದ್ಧತಿ. ನಡುವೆ ಬಿಡುವಂತಿಲ್ಲ. ಅವನು ಹತ್ತಿಯ ವ್ಯಾಪಾರದ ಬಗ್ಗೆ ಪ್ರಬಂಧ ಬರೆಯಬೇಕಾಗಿತ್ತು. ಕೈ ತೊಳೆದು ಬಂದು ಮುನ್ನುಡಿಯಿಂದ ಹಿಡಿದ. ತಿಂಗಳು ಕಳೆದ ಮೇಲೆ ವಿಚಾರಿಸಿದರೆ ಲೇಖಕರು ಯಾರ್‍ಯಾರಿಗೆ ಋಣಿಯಾಗಿದ್ದಾರೆಂದು ಅವನಿಗೆ ಬಾಯಿಪಾಠ ಬರುತ್ತಿತ್ತು, ಅವರ ಹೆಂಡತಿಯ ಹೆಸರೂ ಗೊತ್ತಿತ್ತು. ಹತ್ತಿ ಮಾತ್ರ ಇನ್ನೂ ಬಂದಿರಲಿಲ್ಲ.

ಮೂರನೆಯ ಪಾಠ ನನಗೆ ಬಹಳ ಪ್ರೀತಿಯದು. ಒಂದೇ ಪುಸ್ತಕ ನಂಬಿ ಕೂರಬಾರದು, ಎರಡನ್ನು ಪಕ್ಕದಲ್ಲಿಟ್ಟು ಓದಬೇಕು. ಅವೆರಡೂ ಬೇರೆ ಬೇರೆ ಹೇಳಿದರೆ ಮೊದಲ ಹಾಳೆಯ ಹಿಂಬದಿಗೆ ಅಚ್ಚಾದ ಇಸವಿ ನೋಡಬೇಕು. ಇದನ್ನು ಹೇಳಿದಾಗ ಇಡೀ ಕ್ಲಾಸು ಕಿಟಕಿಯ ಹೊರಗೆ ಕಬ್ಬಿನ ಗಾಡಿ ನೋಡುತ್ತಿತ್ತು. ಒಬ್ಬಳು ಮಾತ್ರ ನನ್ನನ್ನು ನೋಡುತ್ತಿದ್ದಳು. ಅವಳು ಲಗಮವ್ವ, ಧರಣೇಂದ್ರನ ಕ್ಲಾಸಿನವಳು, ಕುರಿ ಕಾಯುವ ಮಲಕಾರಿಯ ಮಗಳು.

ಅವಳು ಪಾಠವನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಳೆಂಬುದು ಎಂಟು ದಿನಕ್ಕೇ ಗೊತ್ತಾಯಿತು. ಮಲಕಾರಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತ.

"ಬಾಯಾರ, ನಮ್ಮ ಪೋರಿಗಿ ಏನ ಕಲಿಸಾಕತ್ತೀರಿ? ನಿನ್ನೆ ನಮ್ಮವ್ವ ತಾ ದೆವ್ವ ನೋಡಿದ್ದ ಹೇಳಾಕತ್ತಿದ್ಲು. ಈಕಿ, ಅದು ಯಾವ ಇಸ್ವಿ, ನಿನ್ನ ಬಿಟ್ಟು ಮತ್ತ ಯಾರು ನೋಡ್ಯಾರ ಅಂತ ಕೇಳಿದ್ಲು. ಮುದುಕಿ ಸಿಟ್ಟಾಗಿ ಉಣಲೇ ಇಲ್ರಿ."

ನನಗೆ ನಗು ತಡೆಯಲಾಗಲಿಲ್ಲ. "ನಿನ್ನ ಮಗಳು ಶಾಣ್ಯಾ ಅದಾಳ, ಮಲಕಾರಿ. ಬಿ.ಎ. ಮುಗಿಸಲಿ" ಎಂದೆ.

"ಇಲ್ಲಿ ಎಷ್ಟ ಐತಿ ಅಷ್ಟ ಕಲೀಲಿ," ಎಂದ ಅವನು. "ಮೂರನೇದಕ್ಕ ಅಥಣಿಗೆ ಹೋಗೂದಾದ್ರ ನಾ ಕಳಸೂದಿಲ್ಲ. ಹೆಣ್ಣುಡುಗಿ ಒಬ್ಬಾಕೀನ ದಿನಾ ಬಸ್ಸಿನ್ಯಾಗ ಹತ್ತಿಸಿ ನಾ ಕುರಿ ಹಿಂದ ಹ್ಯಾಂಗ ಹೋಗ್ಲಿ? ಆಗೂದಿಲ್ರಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಕಾಲೇಜಿಗೆ ಬಿ.ಎ. ಎರಡು ವರ್ಷಕ್ಕೆ ಮಾತ್ರ ಮಂಜೂರಾತಿ ಇತ್ತು. ಮೂರನೆಯದಕ್ಕೆ ಯುನಿವರ್ಸಿಟಿಯ ಕಮಿಟಿ ಬಂದು ನೋಡಿ ಒಪ್ಪಬೇಕು. ಹಿಂದಿನ ಸಲ ಬಂದವರು, "ವಿದ್ಯಾರ್ಥಿಗಳಿಗೆ ಗ್ರಂಥಾಲಯದಲ್ಲಿ ಪುಸ್ತಕ ಹುಡುಕಲು ಬರುವುದಿಲ್ಲ" ಎಂದು ಬರೆದು ಹೋಗಿದ್ದರು. ಬರುವ ಮಾರ್ಚಿಗೆ ಮತ್ತೆ ಬರುವವರಿದ್ದರು. ಒಬ್ಬ ವಿದ್ಯಾರ್ಥಿಗೆ ಒಂದು ವಿಷಯ ಕೊಟ್ಟು, ಆತ ಪುಸ್ತಕ ಹುಡುಕಿ ಉತ್ತರ ಹೇಳುವುದನ್ನು ಕಣ್ಣಾರೆ ನೋಡುವವರಿದ್ದರು. ಒಪ್ಪಿದರೆ ಲಗಮವ್ವನ ಮೂರನೆಯ ವರ್ಷ ಐನಾಪುರದಲ್ಲಿ. ಒಪ್ಪದಿದ್ದರೆ ಅವಳ ಓದು ಅಲ್ಲಿಗೆ ಮುಗಿಯಿತು. ನಾನು ಆ ಚಳಿಗಾಲವೆಲ್ಲ ಇದೊಂದನ್ನೇ ಯೋಚಿಸುತ್ತಿದ್ದೆ.

ಆ ಹುಮ್ಮಸ್ಸಿನಲ್ಲೇ ಅನಾಹುತವೂ ಆಯಿತು. ಕಮಿಟಿ ಬರುವ ಮೊದಲು ಒಂದು ವಿಷಯದ ಪುಸ್ತಕಗಳನ್ನಾದರೂ ಒಂದೇ ಕಡೆ ಇಡೋಣ ಎಂದುಕೊಂಡೆ. ತಾರಾಬಾಯಿಯವರ ಕೀಲಿ ಅಂದು ನನ್ನ ಕೈಯಲ್ಲೇ ಇತ್ತು. ಅವರ ಕಪಾಟಿನ ಬೇಸಾಯದ ಪುಸ್ತಕಗಳನ್ನು ತೆಗೆದು, ಪಕ್ಕದಲ್ಲಿ ತೆರೆದೇ ಇದ್ದ, ಇನ್ನೊಂದು ದಾನಿ ಮನೆಯ ಭಾವುಸಾಹೇಬರ ಕಪಾಟಿನಲ್ಲಿ ಇಟ್ಟೆ. ಈ ಎರಡು ಮನೆಗಳ ನಡುವೆ ಬಾವಿಯ ನೀರಿನ ಪಾಳಿಗಾಗಿ ಜಗಳವಾಗಿ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಒಂದು ಮನೆಯವರು ಲಗ್ನಕ್ಕೆ ಬರುತ್ತಾರೆಂದರೆ ಇನ್ನೊಂದು ಮನೆಯವರು ಅಕ್ಕಿಕಾಳು ಹಾಕುವ ಹೊತ್ತಿಗೂ ಹೋಗುತ್ತಿರಲಿಲ್ಲ.

ತಾರಾಬಾಯಿ ಕೀಲಿ ಒಯ್ಯಲು ತಾವೇ ಬಂದರು. ಮಾವನವರ ಪುಸ್ತಕ ಎಲ್ಲಿ ಕೂತಿದೆ ಎಂದು ನೋಡಿದರು.

"ಯಾರ ಕೈಲಿ ಇದು ಅಲ್ಲಿ ಹೋತು?" ಎಂದರು.

"ನಾನ ಇಟ್ಟೀನ್ರಿ ಕಾಕು. ಎರಡೂ ಬೇಸಾಯದ್ದ ಅದಾವು."

"ಬೇಸಾಯದ್ದಿರಲಿ, ವೈದ್ಯದ್ದಿರಲಿ. ನಮ್ಮ ಮಾವನವರು ಅವರ ಬಾವಿ ನೀರ ಮುಟ್ಟಲಿಲ್ಲ. ಅವರ ಕಪಾಟಿನ್ಯಾಗ ಕುಂದರತಾರೇನು?"

"ಕುಂತಿದ್ದು ಮಾವನವರಲ್ರಿ, ಬುಕ್ಕು."

"ನೀ ನನಗ ಕಲಸಾಕ ಬರಬ್ಯಾಡ!"

ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾದ್ರ ನಿಮ್ಮ ಕಪಾಟ ನೀವ ನಿಮ್ಮ ಮನಿಗೆ ಒಯ್ರಿ!" ಎಂದೆ.

ಸಿಟ್ಟಿನಲ್ಲಿ ಆಡಿದ ಮಾತನ್ನು ಯಾರೂ ಅಕ್ಷರಶಃ ತೆಗೆದುಕೊಳ್ಳುವುದಿಲ್ಲ ಎಂಬುದು ನಿಪ್ಪಾಣಿಯ ತಿಳುವಳಿಕೆ. ಐನಾಪುರದಲ್ಲಿ ಬೇರೆ. ಮಧ್ಯಾಹ್ನ ಟ್ರ್ಯಾಕ್ಟರು ಬಂತು, ಹಿಂದೆ ಟ್ರಾಲಿ. ನಾಲ್ಕು ಆಳುಗಳು ಬೇಸಾಯದ ಪುಸ್ತಕಗಳನ್ನು ವಾಪಸು ಒಳಗಿಟ್ಟು, ಕಪಾಟನ್ನು ಪುಸ್ತಕಗಳ ಸಮೇತ ಹೊತ್ತು ಟ್ರಾಲಿಗೆ ಹಾಕಿ, ಹಗ್ಗ ಬಿಗಿದು, ಬಾಜಾರದ ನಡುವೆ ನಿಧಾನವಾಗಿ ಒಯ್ದರು. ಗೋಡೆಯಲ್ಲಿ ಕಪಾಟಿನಷ್ಟು ಅಗಲದ ಬಿಳಿ ಜಾಗ ಉಳಿಯಿತು. ಪ್ರಿನ್ಸಿಪಾಲರು ಅಲ್ಲಿ ಒಂದು ಕ್ಯಾಲೆಂಡರು ತೂಗುಹಾಕಿಸಿದರು. ನಾನು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಲಗಮವ್ವ ಮಾತ್ರ ಮೂಲೆಯಲ್ಲಿ ಡ್ರಾವರು ತೆರೆದುಕೊಂಡು ಪೆನ್ಸಿಲಿನಿಂದ ಏನೋ ಬರೆಯುತ್ತಿದ್ದಳು. ಏನೆಂದು ಕೇಳುವ ಉತ್ಸಾಹ ನನಗಿರಲಿಲ್ಲ.

ಕಮಿಟಿ ಬಂತು. ಮೂವರು ಇದ್ದರು. ಮುಖ್ಯಸ್ಥರು ಕನ್ನಡಕದ ಪ್ರೊಫೆಸರರು, ನಗುವುದು ಕಡಿಮೆ. ನಮ್ಮ ಪ್ರಿನ್ಸಿಪಾಲರು ರಾಜ್ಯಶಾಸ್ತ್ರದ ವಿಷಯ ಕೇಳುವಂತೆ ಮೆಲ್ಲಗೆ ಸೂಚಿಸಲು ಹೋದರು, ಯಾಕೆಂದರೆ ಅದರ ಪುಸ್ತಕಗಳು ಉಳಿದ ಕಪಾಟುಗಳಲ್ಲಿದ್ದವು. ಆದರೆ ಪ್ರೊಫೆಸರರು ಜೀಪಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕಬ್ಬನ್ನೇ ನೋಡಿಕೊಂಡು ಬಂದಿದ್ದರು.

"ಈ ಭಾಗದಲ್ಲಿ ಕಬ್ಬು ಹೆಚ್ಚಾದದ್ದು ಯಾಕೆ? ಪುಸ್ತಕ ನೋಡಿ ಹೇಳಬೇಕು" ಎಂದು ಹೇಳಿ, ಹಾಜರಿ ಪುಸ್ತಕದಲ್ಲಿ ಬೆರಳಿಟ್ಟು ಹೆಸರು ಓದಿದರು. "ಧರಣೇಂದ್ರ."

ಧರಣೇಂದ್ರ ಎದ್ದು ನಿಂತು, "ಕೈ ತೊಳಕೊಂಡ ಬರ್ತೇನ್ರಿ" ಎಂದು ಹೋದವನು ವಾಪಸು ಬರಲಿಲ್ಲ.

ಮುಂದಿನ ಹೆಸರು ಲಗಮವ್ವನದು. ಕಬ್ಬಿನ ಪುಸ್ತಕ ನಮ್ಮಲ್ಲಿ ಇದ್ದದ್ದೇ ಎರಡು. ಒಂದು ಭಾವುಸಾಹೇಬರ ಕಪಾಟಿನಲ್ಲಿ, ಇನ್ನೊಂದು ಟ್ರ್ಯಾಕ್ಟರು ಹತ್ತಿ ಹೋಗಿತ್ತು. ಅವಳು ಡ್ರಾವರು ಎಳೆದಳು, ಬೆರಳಿನಿಂದ ಕಾರ್ಡು ಸರಿಸಿದಳು, ಎರಡು ಕಾರ್ಡುಗಳ ಮೇಲೆ ಬೆರಳಿಟ್ಟು ಓದಿ ಚೀಟಿಯಲ್ಲಿ ಬರೆದುಕೊಂಡಳು. ಪ್ರೊಫೆಸರರು ಬಗ್ಗಿ ನೋಡಿದರು.

"ಇಲ್ಲಿ ಪೆನ್ಸಿಲಿನಲ್ಲಿ 'ಜಾಗ: ತಾರಾಬಾಯಿಯವರ ಪಡಸಾಲೆ' ಎಂದಿದೆ. ಏನಿದು?"

"ಅದು ನಮ್ಮ ಶಾಖಾ ಗ್ರಂಥಾಲಯ ಸರ್," ಎಂದರು ಪ್ರಿನ್ಸಿಪಾಲರು ಗಡಿಬಿಡಿಯಿಂದ.

"ಅಲ್ರಿ ಸರ್," ಎಂದಳು ಲಗಮವ್ವ. "ಜಗಳಾಗಿ ಒಯ್ದಾರ್ರಿ. ಬುಕ್ಕ ಎಲ್ಲಿ ಹೋಗತೈತಿ ಕಾರ್ಡನ್ಯಾಗ ಅದನ್ನ ಬರೀಬೇಕಂತ ಮೇಡಂ ಹೇಳ್ಯಾರ್ರಿ. ಬರ್ರಿ, ತೋರಸ್ತೇನಿ."

ಹೇಳಿದವಳು ಹೊರಟೇಬಿಟ್ಟಳು. ಕಮಿಟಿ ಅವಳ ಹಿಂದೆ, ಪ್ರಿನ್ಸಿಪಾಲರು ಕಮಿಟಿಯ ಹಿಂದೆ, ನಾನು ಪ್ರಿನ್ಸಿಪಾಲರ ಹಿಂದೆ. ಇಸ್ತ್ರಿ ಮಾಡಿದ ಧೋತರ ಉಟ್ಟು ಕೀಲಿ ಹಿಡಿದು ಬೆಳಿಗ್ಗೆಯಿಂದ ಕಾದು ಕುಳಿತಿದ್ದ ಭಾವುಸಾಹೇಬರು ತಮ್ಮ ಕಪಾಟು ತೆರೆದು, ಪುಸ್ತಕವನ್ನು ಹೊಸ ಟವೆಲಿನಲ್ಲಿ ಸುತ್ತಿಕೊಂಡು ಎಲ್ಲರ ಹಿಂದೆ ಬಂದರು.

ತಾರಾಬಾಯಿಯವರ ಮನೆ ರಾಯಬಾಗದ ಬಸ್ಸು ಓಡಾಡುವ ರಸ್ತೆಯ ಮೇಲೇ ಇದೆ. ಪಡಸಾಲೆಯಲ್ಲಿ ಕಪಾಟು ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಯುನಿವರ್ಸಿಟಿಯ ದೊಡ್ಡವರು ಬಾಗಿಲಿಗೆ ಬಂದಿದ್ದನ್ನು ಕಂಡು ತಾರಾಬಾಯಿ ನನ್ನ ಮೇಲಿನ ಸಿಟ್ಟನ್ನು ಪಕ್ಕಕ್ಕಿಟ್ಟು ಕಾಲಿಗೆ ನೀರು ಕೊಟ್ಟರು, ಚಾಪೆ ಹಾಸಿದರು. "ಮೊದಲ ಅವಲಕ್ಕಿ" ಎಂದರು. ಪ್ರೊಫೆಸರರು ಬೇಡವೆಂದರು. ಬೇಡವೆನ್ನುವುದು ಆ ಮನೆಯಲ್ಲಿ ನಡೆಯುವುದಿಲ್ಲ. ಕಮಿಟಿ ಅವಲಕ್ಕಿ ತಿಂದಿತು. ಯಾವ ಊರು, ಎಷ್ಟು ಮಕ್ಕಳು ಎಂಬುದಕ್ಕೂ ಉತ್ತರ ಕೊಟ್ಟಿತು. ಆಮೇಲೆ ಕೀಲಿ ಬಂತು.

ಲಗಮವ್ವ ಪುಸ್ತಕ ತೆಗೆದು, ಹಿಂದಿನಿಂದ ಸೂಚಿ ನೋಡಿ, ಪುಟ ತೆರೆದಳು. "ಬೆಲ್ಲದ ಪ್ಯಾಟಿ ಜೋರಾಗಿದ್ದಕ್ಕ ಕಬ್ಬ ಹೆಚ್ಚಾತು ಅಂತ ಇದರಾಗ ಐತ್ರಿ," ಎಂದಳು. "ಆದ್ರ ಒಂದ ನೋಡಿ ಹೇಳಬಾರದ್ರಿ. ಇನ್ನೊಂದ ಬಾಜೂಕ ಇಟಗೊಂಡ ನೋಡಬೇಕ್ರಿ."

ಇನ್ನೊಂದು ಪುಸ್ತಕ ರಸ್ತೆಯಲ್ಲಿ ನಿಂತಿತ್ತು, ಟವೆಲಿನೊಳಗೆ.

"ನಮ್ಮ ಬುಕ್ಕ ಆ ಹೊಸ್ತಿಲ ದಾಟೂದಿಲ್ಲ!" ಎಂದು ಭಾವುಸಾಹೇಬರು ಅಲ್ಲಿಂದಲೇ ಕೂಗಿದರು. ತಾರಾಬಾಯಿಗೆ ಹೇಳಿದ್ದಲ್ಲ, ರಸ್ತೆಗೆ ಹೇಳಿದ್ದು.

"ನಮ್ಮದೂ ಈ ಹೊಸ್ತಿಲ ದಾಟಿ ಹೊರಗ ಹೋಗೂದಿಲ್ಲ!" ಎಂದು ತಾರಾಬಾಯಿ ಗೋಡೆಗೆ ಹೇಳಿದರು.

ಪ್ರೊಫೆಸರರು ಗಡಿಯಾರ ನೋಡಿಕೊಂಡರು. ಇಲ್ಲಿಗೆ ಎಲ್ಲ ಮುಗಿಯಿತು ಎಂದು ನನಗೆ ಅನ್ನಿಸಿತು. ಜಗಳವಾಡುವ ಶಕ್ತಿಯೂ ಉಳಿದಿರಲಿಲ್ಲ. ತಾರಾಬಾಯಿಯವರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಕಾಕು, ಇವರು ಒಪ್ಪಲಿಲ್ಲ ಅಂದ್ರ ಈ ಪೋರಿ ಸಾಲಿ ಇಲ್ಲಿಗೆ ಮುಗೀತ್ರಿ. ಅವರಪ್ಪ ಅಥಣಿಗೆ ಕಳಸೂದಿಲ್ಲ."

ತಾರಾಬಾಯಿ ಲಗಮವ್ವನನ್ನು ನೋಡಿದರು. ಅವಳು ಪುಸ್ತಕದ ಪುಟದಲ್ಲಿ ಬೆರಳಿಟ್ಟುಕೊಂಡೇ ನಿಂತಿದ್ದಳು.

"ನಾ ನಾಲ್ಕನೇ ಇಯತ್ತೆ ತನಕ ಕಲ್ತಾಕಿ," ಎಂದರು ತಾರಾಬಾಯಿ. "ಲೆಕ್ಕದಾಗ ನಾನ ಮುಂದ ಇದ್ನಿ. ಮುಂದಿನ ಸಾಲಿ ಚಿಕ್ಕೋಡ್ಯಾಗ ಇತ್ತು." ಕೀಲಿ ಗೊಂಚಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಆದ್ರೂ ರಸ್ತಾದ ಮ್ಯಾಲ ಹ್ಯಾಂಗ ಇಡ್ಲಿ? ಮಾವನವರ ಬುಕ್ಕ."

ಲಗಮವ್ವ ಬಾಗಿಲ ಹೊರಗೆ ನೋಡಿದಳು. "ಆಯೀ, ಆ ಟ್ರಾಲಿ ನಿಮ್ಮದಲ್ಲೇನ್ರಿ? ಅದರ ಮ್ಯಾಲ ಇಟ್ರ ಬುಕ್ಕ ನಿಮ್ಮಲ್ಲೇ ಇದ್ದಂಗ ಆತಲ್ರಿ?"

ತಾರಾಬಾಯಿ ಯೋಚಿಸಿದರು. ಆಮೇಲೆ ಆಳುಗಳಿಗೆ, "ಟ್ರಾಲಿ ತೊಳೀರಿ" ಎಂದರು.

ಟ್ರಾಲಿಯನ್ನು ತೊಳೆದು, ಮೇಲೆ ಜಮಖಾನೆ ಹಾಸಿ, ರಸ್ತೆಯ ನಡುವಿಗೆ ನೂಕಿದರು. ಲಗಮವ್ವ ಪುಸ್ತಕ ಎದೆಗವಚಿಕೊಂಡು ಮೇಲೆ ಹತ್ತಿದಳು. ಕಮಿಟಿಯವರಿಗೆ ಕೆಳಗೆ ಕುರ್ಚಿ ಹಾಕಿದರು. ಭಾವುಸಾಹೇಬರು ತಮ್ಮ ಪುಸ್ತಕವನ್ನು ತಾರಾಬಾಯಿಯವರ ಟ್ರಾಲಿಗೆ ತಾಗಿಸಲು ಒಪ್ಪಲಿಲ್ಲ. "ನಮ್ಮದನ್ನ ನಾನ ಹಿಡಕೊಂಡ ನಿಂದರತೇನಿ" ಎಂದು ಎರಡೂ ಕೈ ಮೇಲೆತ್ತಿ, ಪುಸ್ತಕ ತೆರೆದು ಹಿಡಿದು, ಟ್ರಾಲಿಯ ಪಕ್ಕದಲ್ಲಿ ನಿಂತರು. ಲಗಮವ್ವ ಬಗ್ಗಿ ಬಗ್ಗಿ ಪುಟ ತಿರುವಿದಳು. ಅವಳು "ಇನ್ನಷ್ಟ ಮ್ಯಾಲ ಹಿಡೀರಿ ಕಾಕಾ" ಎಂದರೆ ಅವರು ಇನ್ನಷ್ಟು ಮೇಲೆತ್ತುತ್ತಿದ್ದರು. ಊರಿನ ಯಾವ ಪಂಚಾಯ್ತಿಗೂ ಬಗ್ಗದ ಮನುಷ್ಯ.

ಅಷ್ಟರಲ್ಲಿ ರಾಯಬಾಗದ ಬಸ್ಸು ಬಂದು ನಿಂತಿತು. ಡ್ರೈವರು ಹಾರ್ನು ಹೊಡೆದ. ಬಸ್ಸಿನ ಹಿಂದೆ ಮಲಕಾರಿಯ ಕುರಿ ಹಿಂಡು ಬಂದು ನಿಂತಿತು. ಹಿಂಡಿನ ಹಿಂದೆ ಎರಡು ಕಬ್ಬಿನ ಗಾಡಿ. ಪ್ರಯಾಣಿಕರು ಇಳಿದು ಬಂದು, "ಏನ ನಡದೈತ್ರಿ, ಲಿಲಾವ?" ಎಂದು ಕೇಳತೊಡಗಿದರು. "ಅಲ್ಲ, ಪರೀಕ್ಷಾ" ಎಂದು ಯಾರೋ ಹೇಳಿದರು. "ಯಾರದು?" "ಭಾವುಸಾಹೇಬ್ರದು."

ಲಗಮವ್ವ ತಲೆ ಎತ್ತಿದಳು.

"ಸರ್, ಎರಡೂ ಬ್ಯಾರೆ ಬ್ಯಾರೆ ಹೇಳ್ತಾವ್ರಿ. ಇದು ಬೆಲ್ಲದ ಪ್ಯಾಟಿ ಅಂತೈತಿ. ಅದು ಹೊಳಿ ನೀರ ಎತ್ತೂ ಮೋಟರ್ ಬಂದದ್ದಕ್ಕ ಅಂತೈತಿ. ಆದ್ರ ಮೊದಲನೇ ಹಾಳಿ ಹಿಂದ ನೋಡಿದ್ನಿರಿ. ಇದು ಪ್ರಿಂಟ್ ಆದಾಗ ಮೋಟರ್ ಇನ್ನೂ ಬಂದಿದ್ದಿಲ್ಲ. ಬರದವರು ಕಾಣಲಾರದ್ದನ್ನ ಹ್ಯಾಂಗ ಬರೀತಾರ್ರಿ? ಅವರ ಕಾಲಕ್ಕ ಅವರದ ಖರೆ. ಅದು ಹಿಂದಿಂದ ಬಂದ ಬುಕ್ಕು, ಎರಡೂ ಕಂಡೈತಿ. ಹಂಗಂತ ಅದಷ್ಟ ಓದಿದ್ರ ಬೆಲ್ಲದ ಸುದ್ದಿ ನಮಗ ಸಿಗ್ತಿದ್ದಿಲ್ರಿ."

"ಹಳೇದ ಖರೆ ಅಂದ್ಲು, ಕೇಳಿದ್ರ್ಯಾ?" ಎಂದು ತಾರಾಬಾಯಿ ಬಾಗಿಲಿನಿಂದ ಎಲ್ಲರಿಗೂ ಕೇಳುವಂತೆ ಹೇಳಿದರು.

"ನಮ್ಮದು ಎರಡೂ ಕಂಡೈತಿ ಅಂದ್ಲು!" ಎಂದು ಭಾವುಸಾಹೇಬರು ಪುಸ್ತಕದ ಹಿಂದಿನಿಂದ ಹೇಳಿದರು.

ಎರಡೂ ಮನೆಯವರು ತಾವೇ ಗೆದ್ದೆವೆಂದು ಅಂದಿನಿಂದ ಇಂದಿನವರೆಗೆ ನಂಬಿದ್ದಾರೆ. ಬಸ್ಸಿನವರು ಚಪ್ಪಾಳೆ ಹೊಡೆದರು. ಅಷ್ಟಾಗಿ ನಗದ ಪ್ರೊಫೆಸರರು ಎದ್ದು ನಿಂತು ನನಗೆ, "ನಮ್ಮ ಎಂ.ಎ. ಹುಡುಗರೂ ಪುಸ್ತಕದ ಇಸವಿ ನೋಡುವುದಿಲ್ಲ, ಮೇಡಂ" ಎಂದರು. ಅಂದು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂರನೆಯ ವರ್ಷಕ್ಕೆ ಯಾವ ಯಾವ ಪುಸ್ತಕ ಬೇಕಾಗುತ್ತದೆಂದು ಆ ಸಂಜೆಯೇ ಯೋಚಿಸತೊಡಗಿದೆ.

ಏಪ್ರಿಲಿನಲ್ಲಿ ಕಮಿಟಿಯ ತೀರ್ಮಾನ ಬಂತು. "ವಿದ್ಯಾರ್ಥಿಗಳಿಗೆ ಕೊಟ್ಟ ತರಬೇತಿ ಶ್ಲಾಘನೀಯವಾಗಿದೆ. ಆದರೆ ಗ್ರಂಥಾಲಯದ ಒಂದು ಭಾಗ ಖಾಸಗಿ ಪಡಸಾಲೆಯಲ್ಲಿಯೂ, ಇನ್ನೊಂದು ಭಾಗ ಸಾರ್ವಜನಿಕ ರಸ್ತೆಯ ಮೇಲಿನ ಟ್ರಾಲಿಯಲ್ಲಿಯೂ, ಮತ್ತೊಂದು ಭಾಗ ದಾನಿಗಳ ಕೈಯಲ್ಲಿಯೂ ಇರುವುದು ಕಂಡುಬಂದಿದೆ. ಎಲ್ಲವನ್ನೂ ಒಂದೇ ಸೂರಿನಡಿ ತರುವವರೆಗೆ ಮೂರನೆಯ ವರ್ಷದ ಮಂಜೂರಾತಿಯನ್ನು ಮುಂದೂಡಲಾಗಿದೆ."

ಪ್ರಿನ್ಸಿಪಾಲರು ಓದಿ ಮುಗಿಸುವ ಮೊದಲೇ ನಾನು ಎದ್ದುಹೋದೆ. ಬರೆದದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. ಸುದ್ದಿ ಕೇಳಿದ ತಾರಾಬಾಯಿ ನನಗಿಂತ ಜೋರಾಗಿ ಬೈದರು. ಯುನಿವರ್ಸಿಟಿಗೆ ಹಾಕಿದ ಅವಲಕ್ಕಿ ದಂಡವಾಯಿತು ಎಂದರು. ಮರುದಿನ ನಾನು ಹೋಗಿ ನೋಡಿದರೆ ಕಪಾಟು ಗೋಡೆಯ ಬಿಳಿ ಜಾಗದಲ್ಲಿ ಬಂದು ನಿಂತಿತ್ತು, ಹಿಡಿಕೆಗೆ ದಾರ ಕಟ್ಟಿ ಕೀಲಿ ತೂಗುಹಾಕಿತ್ತು. ವಾರದೊಳಗೆ ಉಳಿದ ಎಂಟು ಮನೆಗಳ ಕೀಲಿಗಳೂ ಬಂದವು. ಆದರೆ ಮತ್ತೆ ಕಮಿಟಿ ಬರುವುದು ಮುಂದಿನ ಮಾರ್ಚಿಗೆ. ಲಗಮವ್ವನ ಎರಡನೆಯ ವರ್ಷ ಈ ಏಪ್ರಿಲಿಗೇ ಮುಗಿಯುತ್ತಿತ್ತು.

ಮಲಕಾರಿಗೆ ನಾನೇ ಹೇಳಬೇಕೆಂದುಕೊಂಡೆ. ಅವನು ಜುಗೂಳದ ದಾರಿಯಲ್ಲಿ, ಕಬ್ಬು ಕಡಿದ ಹೊಲವೊಂದರಲ್ಲಿ ಕುರಿ ಮೇಯಿಸುತ್ತಿದ್ದ. ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡು ಹೋದೆ. ಅಥಣಿ ದೂರವಲ್ಲ, ಅಲ್ಲಿ ನನ್ನ ಪರಿಚಯದವರಿದ್ದಾರೆ, ಬಸ್ಸಿನಲ್ಲಿ ಮುಂದಿನ ಸೀಟು ಹೆಂಗಸರದು, ಒಂದೇ ವರ್ಷದ ಮಾತು. ಅವನು ಒಪ್ಪದಿದ್ದರೆ ಜಗಳವಾಡಲೂ ತಯಾರಾಗಿದ್ದೆ.

"ಕಮಿಟಿ ಒಪ್ಪಲಿಲ್ಲ, ಮಲಕಾರಿ," ಎಂದೆ.

"ಗೊತ್ತಾತ್ರಿ."

"ಅಥಣಿ ಏನ ಭಾಳ ದೂರಿಲ್ಲ..."

ಅವನು ಕೈ ಅಡ್ಡ ಮಾಡಿದ. "ಅವತ್ತ ಬಸ್ಸಿನ ಹಿಂದ ನಾನೂ ನಿಂತಿದ್ನಿರಿ."

"ಹೌದು, ನೋಡಿದೆ."

"ಅಷ್ಟ ಮಂದಿ ಮುಂದ ಆಕಿ ಮಾತಾಡಾಕತ್ತಿದ್ಲು. ಅಂಜಿ ನನ್ನ ಕಡೆ ನೋಡತಾಳಂತ ತಿಳದ್ನಿ. ಕುರಿ ಬಿಟ್ಟು ಮುಂದ ಮುಂದ ಸರದ್ನಿ, ಕಾಣಲಿ ಅಂತ. ಟ್ರಾಲಿ ಬುಡಕ ಬಂದ ನಿಂತ್ನಿ. ಒಮ್ಮಿ ಸುದ್ದಾ ನನ್ನ ಕಡೆ ನೋಡಲಿಲ್ರಿ ಬಾಯಾರ."

ಅವನು ಕೋಲಿನಿಂದ ಒಂದು ಹೆಂಟೆ ಒಡೆದ. "ಒಮ್ಮಿ ಸುದ್ದಾ ನೋಡಲಿಲ್ಲ" ಎಂದು ಮತ್ತೆ ಹೇಳಿದ. ಅದರಲ್ಲಿ ನೋವೂ ಇತ್ತು, ಹೆಮ್ಮೆಯೂ ಇತ್ತು.

"ಅಥಣಿ ಬಸ್ಸು ಮುಂಜಾನೆ ಎಷ್ಟಕ್ಕ ಬರತೈತ್ರಿ?" ಎಂದು ಕೇಳಿದ.

ನನಗೆ ಗೊತ್ತಿತ್ತು. ಆದರೆ ಕಣ್ಣೊರೆಸಿಕೊಳ್ಳದೆ ಹೇಳಲಾಗಲಿಲ್ಲ.